ಐರಿಷರ ಪಬ್ಬಿನಲ್ಲಿ ಅಪ್ಪ ಹಾಡಿದ್ದು

ದೆವ್ವ, ಗಾಳಿ, ಮೈಮೇಲೆ ಬರುವುದು, ಕಣಿ ಹೇಳುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಇಂಥ ಕಥೆ ಶುರುಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸುವುದೇ ನನಗೊಂದು ಖುಷಿ. ನನ್ನ ಕೆಲಸವೂ ಅದಕ್ಕೆ ತಕ್ಕದ್ದೇ. ಸಾಫ್ಟ್‌ವೇರ್ ಟೆಸ್ಟಿಂಗಿನವನು ನಾನು. ಮತ್ತೊಮ್ಮೆ ಮಾಡಿ ತೋರಿಸಲಾಗದ ತೊಂದರೆಯನ್ನು ತೊಂದರೆ ಅಂತಲೇ ಒಪ್ಪುವುದಿಲ್ಲ. ಹಾಗಾಗಿ ನಾನು ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಡಾಟ್ ಕಾಮ್ ಗುಳ್ಳೆ ಒಡೆದ ಹೊಸತು. ಮೌಂಟನ್ ವ್ಯೂನಲ್ಲಿದ್ದ ನಮ್ಮ ಸಣ್ಣ ಕಂಪನಿ, ಎಲ್ಲರೂ ಒಂದು ವಾರ ಕಡ್ಡಾಯವಾಗಿ ರಜೆ ತೆಗೆದುಕೊಳ್ಳಬೇಕೆಂದು ಹೇಳಿತು. ನನ್ನ ಪಕ್ಕದ ಕ್ಯೂಬಿಕಲ್ಲಿನ ಡೆಕ್ಲನ್ ಐರ್ಲೆಂಡಿನವನು. ಒಮ್ಮೆ ಅವನ ಊರಿಗೆ ಹೋಗಿ, ನೋಡುವುದನ್ನೆಲ್ಲ ನೋಡಿ, ಅಲ್ಲಿನ ಪಬ್ಬುಗಳಲ್ಲಿ ಕೂತು ಬರೋಣವೆಂದು ನಾವಿಬ್ಬರೂ ಬಹಳ ದಿನದಿಂದ ಮಾತಾಡಿಕೊಂಡಿದ್ದೆವು. ಆದರೆ ನನ್ನ ವೀಸಾದ ಸ್ಥಿತಿ ಹೇಗಿತ್ತೆಂದರೆ, ದೇಶ ಬಿಟ್ಟು ಹೋದರೆ ಮತ್ತೆ ಒಳಗೆ ಬಿಡುತ್ತಾರೆಂಬ ಖಾತ್ರಿ ಇರಲಿಲ್ಲ. ಸಾಲದ್ದಕ್ಕೆ ಊರಿಂದ ಅಪ್ಪ ಬಂದಿದ್ದರು. ಡೆಕ್ಲನ್ ಯೋಚನೆ ಮಾಡಿ, ಸ್ಯಾನ್ ಫ್ರಾನ್ಸಿಸ್ಕೋದ ಸನ್‌ಸೆಟ್ ಬಡಾವಣೆಯಲ್ಲಿ ಅರ್ಧ ಐರ್ಲೆಂಡೇ ಇದೆ, ಈ ಸಲದ ರಜೆ ಅಲ್ಲೇ ಕಳೆಯೋಣ, ನಿಮ್ಮ ಅಪ್ಪನನ್ನೂ ಕರೆದುಕೊಂಡು ಬಾ ಎಂದ.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಮದ್ದೂರಿನ ಹತ್ತಿರದ ಹಳ್ಳಿಯವರು, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆದರೆ ಸುತ್ತಮುತ್ತಲ ಊರಿನವರಿಗೆ ಅವರು ಕಾರ್ಖಾನೆಯವರಲ್ಲ, ರಾಜಾಪಾರ್ಟಿನವರು. ನಮ್ಮ ಕಡೆ ಪೌರಾಣಿಕ ನಾಟಕ ಆಡದ ಊರಿಲ್ಲ. ಅಪ್ಪ ಕಿರೀಟ ಇಟ್ಟುಕೊಂಡು ಕಂದಪದ್ಯ ಎತ್ತಿದರೆ ಜನ ‘ಒನ್ಸ್ ಮೋರ್’ ಕೂಗಿ ಕೂಗಿ, ನಾಟಕ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅದೆಲ್ಲ ಗಂಟಲಿನ ಆಪರೇಷನ್ನಿನವರೆಗೆ. ಆಮೇಲೆ ದನಿ ಒಡೆಯಿತು. ಮೇಲಿನ ಸ್ವರ ಹತ್ತಲಿಲ್ಲ. ಅಪ್ಪ ಹಾಡುವುದನ್ನೇ ಬಿಟ್ಟರು. ಅವ್ವ ಫೋನಿನಲ್ಲಿ, “ಹಾಡೋದಿರ್ಲಿ, ಮಾತಾಡೋದ್ನೂ ಕಮ್ಮಿ ಮಾಡವ್ರೆ ಕಣಪ್ಪ. ಒಂದಷ್ಟು ದಿನ ನಿನ್ ತಾವ್ಕೆ ಕರುಸ್ಕೊ” ಎಂದಳು. ಕರೆಸಿಕೊಂಡೆ. ಕ್ಯಾಂಪ್‌ಬೆಲ್ಲಿನ ನನ್ನ ಅಪಾರ್ಟ್‌ಮೆಂಟಿಗೆ ಬಂದು, ಕಿಟಕಿ ಪಕ್ಕ ಕೂತು ಪಾರ್ಕಿಂಗ್ ಲಾಟು ನೋಡತೊಡಗಿದರು. ಅವರು ಇನ್ನೊಂದು ಸಲ ಹಾಡುವುದನ್ನು ಕೇಳಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಆ ವಾರ ಚೆನ್ನಾಗಿತ್ತು. ಸೇತುವೆ ನೋಡಿದೆವು, ಮಂಜು ಕವಿದ ಕಡಲು ನೋಡಿದೆವು, ಡೆಕ್ಲನ್‌ನ ಮಾವಂದಿರು, ಚಿಕ್ಕಮ್ಮಂದಿರ ಮನೆಗಳಿಗೆಲ್ಲ ಹೋದೆವು. ಎಲ್ಲಿ ಹೋದರೂ ಕೊನೆಗೆ ಸೇರುತ್ತಿದ್ದದ್ದು ಒಂದೇ ಪಬ್ಬಿಗೆ. ಅಪ್ಪ ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಐರಿಷರ ಕಪ್ಪು ಬಿಯರನ್ನು ನೋಡಿ, “ಇದ್ಯಾಕ್ಲಾ ಡಿಕಾಕ್ಷನ್ನು ಇಷ್ಟು ದೊಡ್ ಲೋಟದಲ್ ಕುಡೀತಾರೆ?” ಎಂದು ಕೇಳಿ, ತಾವು ಶುಂಠಿ ಸೋಡಾ ಹಿಡಿದುಕೊಂಡು ಕೂರುತ್ತಿದ್ದರು. ಭಾಷೆ ಬಾರದಿದ್ದರೂ ಆ ಜನ ಅವರಿಗೆ ಹಿಡಿಸಿದ್ದರು. ಸಾವು, ಮದುವೆ, ಮಳೆ, ಎಲ್ಲದಕ್ಕೂ ಅವರಲ್ಲೊಂದು ಹಾಡಿತ್ತು.

ಭಾನುವಾರ ಮಧ್ಯಾಹ್ನ ಅಲ್ಲಿ ಹಾಡಿನ ಕೂಟ. ಅದಕ್ಕೊಂದು ಪದ್ಧತಿ: ಹಾಡಿ ಮುಗಿಸಿದವರಿಗೆ ಮುಂದಿನವರನ್ನು ಕರೆಯುವ ಹಕ್ಕು, ಕರೆಸಿಕೊಂಡವರು ಇಲ್ಲ ಅನ್ನುವಂತಿಲ್ಲ. ಕೆಂಪು ಮುಖದ ಬಡಗಿಯೊಬ್ಬ ಹಾಡು ಮುಗಿಸಿ, ಸುತ್ತಲೂ ನೋಡಿ, ಅಪ್ಪನ ಕಡೆ ಗದ್ದ ಎತ್ತಿ ತೋರಿಸಿದ. ಎಲ್ಲರೂ ಮೇಜು ಬಡಿದರು. ಗುರುತಿಲ್ಲದ ಜನರ ಮುಂದೆ ಅಪ್ಪನ ದನಿ ಒಡೆದು, ಅವರು ತಲೆ ತಗ್ಗಿಸುವುದನ್ನು ನೋಡಲು ನಾನು ಸಿದ್ಧನಿರಲಿಲ್ಲ. ಆಪರೇಷನ್ನಿನ ವಿಷಯ ಹೇಳಿಬಿಡೋಣವೆಂದು ಎದ್ದೆ.

“ಏನಂತೆ?” ಎಂದರು ಅಪ್ಪ. ನಿಮ್ಮನ್ನು ಹಾಡಲು ಕರೆಯುತ್ತಿದ್ದಾರೆಂದು ಹೇಳಿದೆ. “ಹಂಗಾರೆ ಕೂತ್ಕೊ ನೀನು. ನಾಕ್ ಜನ ಕರೆದ್ಮೇಲೆ ಇಲ್ಲ ಅನ್ನಾಕಾಯ್ತದಾ?” ಎಂದು ಎದ್ದರು.

ಮೂಲೆಯಲ್ಲಿ ನೋರಾ ಎಂಬ ವಯಸ್ಸಾದ ಹೆಂಗಸು ಕಾನ್ಸರ್ಟಿನಾ ನುಡಿಸುತ್ತಿದ್ದಳು. ತೊಡೆಯ ಮೇಲೆ ಇಟ್ಟುಕೊಳ್ಳುವ, ತಿದಿ ಇರುವ ಪುಟ್ಟ ಪೆಟ್ಟಿಗೆ ಅದು. ಅಪ್ಪನ ಲೆಕ್ಕದಲ್ಲಿ ತಿದಿ ಇದ್ದದ್ದೆಲ್ಲ ಹಾರ್ಮೋನಿಯಂ. ನಮ್ಮ ನಾಟಕದವರು ಹಾರ್ಮೋನಿಯಂಗೆ ಕೈಮುಗಿಯದೆ ಬಾಯಿ ತೆರೆಯುವುದಿಲ್ಲ. ಅಪ್ಪ ನೇರ ಅವಳ ಮುಂದೆ ಹೋಗಿ, ಆ ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಕನ್ನಡದಲ್ಲೇ “ಶ್ರುತಿ ಕೊಡಿ” ಎಂದರು. ನೋರಾ ಗಲಿಬಿಲಿಯಾಗಿ ನಕ್ಕಳು. ನಾನು ಅನುವಾದ ಮಾಡಲು ಬಾಯಿ ತೆರೆಯುವುದರೊಳಗೆ ನುಡಿಸತೊಡಗಿದಳು.

ಅವಳು ನುಡಿಸಿದ್ದು ಪುಟ್ಟಸ್ವಾಮಯ್ಯ ಮೇಷ್ಟ್ರ ಎತ್ತುಗಡೆ. ಅಪ್ಪನಿಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಅವರು. ತೀರಿಕೊಂಡು ವರ್ಷಗಳಾಗಿದ್ದವು. ಅಪ್ಪ ನಾಟಕದಲ್ಲಿ ಹಾಡುತ್ತಿದ್ದ ಒಂದು ಪದ್ಯಕ್ಕೆಂದೇ, ಅದನ್ನು ಎತ್ತುವ ಮೊದಲು ನುಡಿಸಲು ಅವರು ಕಟ್ಟಿದ ಸ್ವರಗಳು. ಯಾರೂ ಅದನ್ನು ರೆಕಾರ್ಡು ಮಾಡಿದವರಿಲ್ಲ, ಬೇರೆ ಯಾರೂ ನುಡಿಸಿದವರೂ ಇಲ್ಲ. ನಾನು ಅದನ್ನು ಕೇಳಿಕೊಂಡೇ ಬೆಳೆದವನು, ತಪ್ಪಲು ಸಾಧ್ಯವಿಲ್ಲ. ಆದರೂ ಪ್ರಪಂಚದ ರಾಗಗಳೆಲ್ಲ ಎಲ್ಲೋ ಒಂದು ಕಡೆ ಹೋಲುತ್ತವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆ ಜಾಗ ಬಂತು. ಮೇಷ್ಟ್ರ ಹಾರ್ಮೋನಿಯಮ್ಮಿನಲ್ಲಿ ಒಂದು ಸ್ವರ ಕೆಟ್ಟಿತ್ತು. ಮಂಡ್ಯಕ್ಕೆ ಹೋದಾಗ ಮಾಡಿಸುತ್ತೇನೆಂದು ಹೇಳುತ್ತಲೇ ಅವರು ಜೀವನ ಮುಗಿಸಿದರು. ಸ್ವರ ಮೇಲೇರುವಾಗ ಆ ಒಂದು ಕಡೆ ನಾದ ನಿಂತು, ಬರೀ ಗಾಳಿ ಹೋಗುವ ಸದ್ದು ಕೇಳಿ, ಮತ್ತೆ ಮುಂದಕ್ಕೆ ಹೋಗುತ್ತಿತ್ತು. ನೋರಾಳ ಕಾನ್ಸರ್ಟಿನಾದಲ್ಲೂ ಅದೇ ಜಾಗದಲ್ಲಿ ನಾದ ನಿಂತಿತು. ತಿದಿಯ ಉಸಿರು ಮಾತ್ರ ಕೇಳಿಸಿತು.

ಅಪ್ಪನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಕಣ್ಣು ಮುಚ್ಚಿ ತಲೆದೂಗಿ ಪದ್ಯ ಎತ್ತಿದರು. ಶ್ರುತಿ ಅವರ ಹಳೆಯ ಶ್ರುತಿಗಿಂತ ಕೆಳಗಿತ್ತು. ಮೊದಲ ಸಾಲಿನಲ್ಲೇ ದನಿ ಒಡೆಯಿತು. ನೋರಾ ಆ ಸ್ವರವನ್ನು ಹಾಗೇ ಹಿಡಿದು, ಅಪ್ಪ ಬಂದು ಸೇರುವವರೆಗೂ ಕಾದಳು. ಎರಡನೆಯ ಸಾಲಿಗೆ ಅಪ್ಪ ಹತ್ತಿದರು. ಬಿಯರ್ ತುಂಬುತ್ತಿದ್ದವನು ಕೈ ನಿಲ್ಲಿಸಿದ. ಎದೆ ಮುಂದೆ ಮಾಡಿ, ಕೈ ಚಾಚಿ, ಸ್ವೆಟರ್ ಹಾಕಿಕೊಂಡೇ ಅಪ್ಪ ರಾಜರಾಗಿದ್ದರು. ಪದ್ಯ ಮುಗಿದಾಗ ಆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಏನು ಕೂಗಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನಾನೇ ‘ಒನ್ಸ್ ಮೋರ್’ ಎಂದು ಕೂಗಿದೆ. ಹುಟ್ಟಿದಾಗಿನಿಂದ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಆಮೇಲೆ ನೋರಾಳನ್ನು ಕೇಳಿದೆ. ನಿಮ್ಮ ಅಪ್ಪನನ್ನು ಅನುಸರಿಸಿದೆ ಅಷ್ಟೇ ಎಂದಳು. ಅವರು ಹಾಡಲು ಬಾಯಿ ತೆರೆಯುವ ಮೊದಲೇ ನೀವು ಶುರುಮಾಡಿದಿರಲ್ಲ ಎಂದರೆ, ಹೌದಲ್ಲವೇ ಎಂದು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಫ್ರೀವೇಯಲ್ಲಿ ವಾಪಸಾಗುವಾಗ ಇದನ್ನು ಅಪ್ಪನಿಗೂ ಹೇಳಿದೆ. “ನೀರಿದ್ರೆ ಕೊಡು” ಎಂದು ಕುಡಿದು ನಿದ್ದೆ ಹೋದರು.

ನನಗೆ ಸುಮ್ಮನಿರಲಾಗಲಿಲ್ಲ. ರಜೆ ಮುಗಿದಿದ್ದರೂ ಮುಂದಿನ ಭಾನುವಾರ ಅಪ್ಪನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋದೆ. ಅದನ್ನೇ ಇನ್ನೊಮ್ಮೆ ನುಡಿಸಿ ಎಂದೆ. ನೋರಾ ಎಷ್ಟು ತಡಕಿದರೂ ಅದು ಅವಳಿಗೆ ಸಿಗಲಿಲ್ಲ. ಕೊನೆಗೆ ಅಪ್ಪ ಪಕ್ಕದಲ್ಲಿ ಕೂತು, ಮೇಷ್ಟ್ರು ಕಲಿಸುವ ಹಾಗೆ ತುಂಡು ತುಂಡಾಗಿ ಗುನುಗಿದರು. ಅವಳದು ಒಳ್ಳೆಯ ಕಿವಿ, ಬೇಗ ಹಿಡಿದಳು. ಮೊದಲಿನಿಂದ ಕೊನೆಯವರೆಗೆ ಸಲೀಸಾಗಿ ನುಡಿಸಿದಳು. ಆ ಜಾಗ ಬಂದಾಗ ಸ್ವರ ತುಂಬಿಕೊಂಡು, ಇಂಪಾಗಿ ಮೊಳಗಿತು. ಅವಳ ಪೆಟ್ಟಿಗೆಯಲ್ಲಿ ಕೆಟ್ಟ ಸ್ವರ ಯಾವುದೂ ಇರಲಿಲ್ಲ.

ನಾನು ಅಪ್ಪನ ಮುಖ ನೋಡಿದೆ. ಅವರು ಪೂರ್ತಿ ಕೇಳಿ, “ಚೆನ್ನಾಗೈತೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಇವತ್ತು ನುಡಿಸ್ದೋರು ಆಯಮ್ಮನೇಯ” ಎಂದರು.

ಹೋದ ವಾರ ನುಡಿಸಿದವರು ಯಾರು ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಅಪ್ಪ ಎದ್ದು ಪದ್ಯ ಎತ್ತಿಯಾಗಿತ್ತು. ದನಿ ಒಡೆಯಿತು. ನೋರಾ ಮುಂದಕ್ಕೆ ಹೋಗಿಬಿಟ್ಟಿದ್ದಳು, ಕಾಯಲಿಲ್ಲ. ಅಪ್ಪ ನಿಂತು, ಉಸಿರು ಎಳೆದುಕೊಂಡು, ಅದೇ ಸಾಲನ್ನು ಕೆಳಗಿನಿಂದ ಮತ್ತೆ ಹಿಡಿದು ಒಬ್ಬರೇ ಮೇಲಕ್ಕೆ ಹತ್ತಿದರು. ಅಪ್ಪ ಬದುಕಿರುವವರೆಗೂ ಆ ಪ್ರಶ್ನೆ ಕೇಳಲು ನನಗೆ ಆಗಲಿಲ್ಲ. ಉತ್ತರ ಇವತ್ತಿಗೂ ಗೊತ್ತಿಲ್ಲ.