ಕೇಳಿಸದ ಗಿಟಾರು

ನಾನು ಬೇಸ್ ಗಿಟಾರ್ ಹಿಡಿದದ್ದು ಆಸೆಯಿಂದಲ್ಲ, ಬಹುಮತದಿಂದ.

ತೊಂಬತ್ತರ ದಶಕದ ನಡುವೆ ಶಿವಮೊಗ್ಗದ ವಿದ್ಯಾನಗರದಲ್ಲಿ ನಾವು ಐದು ಜನ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದೆವು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ, ಎಲ್ಲಿ ಕರೆದರೂ ಹೋಗಿ ಸಿನಿಮಾ ಹಾಡು ಬಾರಿಸಿ ಬರುವ ತಂಡ. ಕೀಬೋರ್ಡ್ ನುಡಿಸುವವನೇ ಲೀಡರ್. ಅವನ ಮನೆಯ ಮಹಡಿ ರೂಮಿನಲ್ಲೇ ಪ್ರಾಕ್ಟೀಸು, ಅವನ ಅಮ್ಮನದೇ ಕಾಫಿ, ಹಾಗಾಗಿ ಅವನ ಮಾತೇ ಮಾತು. ಹಾಡುವವನು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ. ಒಬ್ಬ ಡ್ರಮ್ಸ್. ಉಳಿದ ಇಬ್ಬರೂ ಗಿಟಾರಿನವರು, ಅದರಲ್ಲಿ ಒಬ್ಬ ನಾನು.

ಒಂದು ಭಾನುವಾರ ಲೀಡರ್ ಕೀಬೋರ್ಡಿನಿಂದ ಕೈ ತೆಗೆದು ಹೇಳಿದ: "ಎರಡು ಗಿಟಾರೂ ಒಂದೇ ಥರ ಟ್ರಿಣ್ ಟ್ರಿಣ್ ಅಂತಿವೆ. ಯಾರಾದ್ರೂ ಒಬ್ರು ಬೇಸ್ ಹಿಡೀಬೇಕು, ಕೆಳಗಿನ ದಪ್ಪ ಸ್ವರ ಬೇಕು."

ನಾಲ್ಕು ಜನವೂ ಒಟ್ಟಿಗೆ ನನ್ನ ಮುಖ ನೋಡಿದರು.

"ನಾನೇ ಯಾಕೆ?"

"ಅದ್ರಲ್ಲಿ ನಾಲ್ಕೇ ತಂತಿ ಮಾರಾಯ. ನಿನಗೆ ಸುಲಭ ಆಗುತ್ತೆ," ಎಂದ ಡ್ರಮ್ಸಿನವನು. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು.

ಲೀಡರ್ ಸಮಾಧಾನ ಮಾಡಿದ. "ಬೇಸ್ ಅಂದ್ರೆ ಮನೆಗೆ ಪಾಯ ಇದ್ದ ಹಾಗೆ ಕಣೋ. ಪಾಯ ಇಲ್ದೆ ಮನೆ ನಿಲ್ಲುತ್ತಾ?" ಈ ಮಾತನ್ನು ಮನೆಗೆ ಹೋಗಿ ಹೆಮ್ಮೆಯಿಂದ ಅಪ್ಪನಿಗೆ ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಪಾಯ ಅಂದ್ರೆ ಮಣ್ಣಲ್ಲಿ ಹೂತಿರುತ್ತಲ್ಲ, ಅದು ತಾನೇ?" ಎಂದರು.

ಗಿಟಾರು ಸಿಕ್ಕಿದ್ದು ಭದ್ರಾವತಿಯಲ್ಲಿ. ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಒಬ್ಬರು ತಮಿಳು ಮಾತಾಡುವ ಹಿರಿಯರಿದ್ದರು. ಹರೆಯದಲ್ಲಿ ಬ್ಯಾಂಡಿನಲ್ಲಿ ಬಾರಿಸಿ, ಬೆನ್ನು ನೋವು ಬಂದ ಮೇಲೆ ಬಿಟ್ಟವರು. ಅವರ ಬೇಸ್ ಗಿಟಾರು ಅಟ್ಟದ ಮೇಲೆ ಹಳೇ ಸೊಳ್ಳೆಪರದೆ ಸುತ್ತಿಕೊಂಡು ಮಲಗಿತ್ತು. ಎತ್ತಿಕೊಂಡರೆ ಒನಕೆಯ ಭಾರ. ಕೊಡುವಾಗ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ತಂಬಿ, ಇದನ್ನ ಬಾರಿಸೋವಾಗ ಯಾರೂ ಕೇಳಲ್ಲ. ಆದ್ರೆ ನಿಲ್ಲಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ."

ಆ ಮಾತನ್ನು ನಾನು ಮಂತ್ರದ ಹಾಗೆ ಹಿಡಿದುಕೊಂಡೆ. ಮುಂದಿನ ವರ್ಷಗಳಲ್ಲಿ ನನಗೆ ಬೇರೆ ಆಸರೆಯೂ ಇರಲಿಲ್ಲ.

ಬೇಸ್ ಗಿಟಾರಿಗೆ ಆಂಪ್ಲಿಫೈಯರ್ ಇಲ್ಲದಿದ್ದರೆ ಸದ್ದೇ ಇಲ್ಲ. ನನ್ನ ಹತ್ತಿರ ಆಂಪ್ಲಿಫೈಯರ್ ಇರಲಿಲ್ಲ. ಸಂಜೆ ಕೆಲಸದಿಂದ ಬಂದು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತ ಕೂತರೆ ನನಗೇ ಕಷ್ಟದಲ್ಲಿ ಕೇಳುತ್ತಿತ್ತು. ಪಕ್ಕದ ಮನೆಯವರು ಬಂದಾಗ ಅಮ್ಮ ಕಿಟಕಿಯಿಂದ ನನ್ನನ್ನು ತೋರಿಸಿ, "ಅದನ್ನ ಇಟ್ಕೊಂಡು ಏನೋ ಯೋಚನೆ ಮಾಡ್ತಾ ಕೂತಿರ್ತಾನೆ, ಪಾಪ. ಕೆಟ್ಟ ಚಟ ಏನಿಲ್ಲ," ಎನ್ನುತ್ತಿದ್ದಳು. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಗಿಟಾರಿನ ತಲೆಯನ್ನು ಕಬ್ಬಿಣದ ಬೀರುವಿಗೆ ಒತ್ತಿ ಹಿಡಿದರೆ ಇಡೀ ಬೀರುವೇ ಗುಂಯ್‌ಗುಡುತ್ತಿತ್ತು. ಎರಡು ದಿನ ಸುಖವಾಗಿ ನಡೆಯಿತು. ಮೂರನೆಯ ದಿನ ಮನೆಗೆ ಬಂದರೆ ಅಮ್ಮ ರೇಷ್ಮೆ ಸೀರೆಗಳನ್ನೆಲ್ಲ ಹಾಸಿಗೆಯ ಮೇಲೆ ರಾಶಿ ಹಾಕಿ, ಕೈಯಲ್ಲಿ ಪೊರಕೆ ಹಿಡಿದು ಬೀರುವಿನೊಳಗೆ ತಲೆ ಹಾಕಿದ್ದಳು. "ಒಳಗೆಲ್ಲೋ ಕಡಜ ಗೂಡು ಕಟ್ಟಿದೆ ಕಣೋ. ನಿನ್ನೆ ಅಡುಗೆಮನೇಲಿದ್ರೂ ಕೇಳಿಸ್ತಿತ್ತು."

ಗಿಟಾರು ಎಂದು ಹೇಳಿದ ಮೇಲೆ ಪೊರಕೆ ನನ್ನ ಕಡೆ ತಿರುಗಿತು. ಆದರೂ ಅವಳೇ ಅದಕ್ಕೆ ಹಳೇ ಹಾಸಿಗೆಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಳು. ನೀಲಿ ಬಿಳಿ ಪಟ್ಟೆಯ ಗಟ್ಟಿ ಬಟ್ಟೆ. ನಾನಾಗ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನೋಡಿಕೊಳ್ಳುತ್ತಿದ್ದೆ. ಭದ್ರಾವತಿಯಲ್ಲಿ ಪ್ರೋಗ್ರಾಂ ಇದ್ದ ದಿನ ಗಿಟಾರನ್ನು ಕೆಲಸಕ್ಕೇ ಹೊತ್ತುಕೊಂಡು ಹೋಗಿ, ಸಂಜೆ ಅಲ್ಲಿಂದಲೇ ಬಸ್ಸು ಹಿಡಿಯುತ್ತಿದ್ದೆ. ಒಮ್ಮೆ ಪಕ್ಕದ ಸೀಟಿನ ಹೆಂಗಸು ಆ ಪಟ್ಟೆ ಚೀಲವನ್ನೂ ನನ್ನ ಸುಸ್ತಾದ ಮುಖವನ್ನೂ ತುಂಬ ಹೊತ್ತು ನೋಡಿ, "ಯಾರಿಗಪ್ಪಾ ಹುಷಾರಿಲ್ಲ?" ಎಂದರು.

"ಯಾರಿಗೂ ಇಲ್ಲಮ್ಮ."

"ಮತ್ತೆ ಹಾಸಿಗೆ ತಗೊಂಡು ಹೋಗ್ತಿದೀಯ. ಆಸ್ಪತ್ರೆಗೆ ತಾನೇ? ನೀನು ರಾತ್ರಿ ಅಲ್ಲೇ ಉಳೀತೀಯಾ?"

ಇದು ಗಿಟಾರು, ನಾನು ಆರ್ಕೆಸ್ಟ್ರಾದವನು ಎಂದೆ. ಅವರ ಕರುಣೆ ಕಡಿಮೆಯಾಗಲಿಲ್ಲ. ಇಳಿಯುವಾಗ ಒಂದು ಬಾಳೆಹಣ್ಣು ಕೊಟ್ಟು ಹೋದರು.

ಸ್ಟೇಜಿನ ಮೇಲಾದರೂ ಕೇಳಿಸುತ್ತಿತ್ತೇ ಎಂದರೆ ಅದೂ ಇಲ್ಲ. ಆ ಕಾಲದಲ್ಲಿ ಮೈಕ್ ಸೆಟ್ ಎಂದರೆ ಮರಕ್ಕೆ ಕಟ್ಟುವ ಹಾರ್ನು. ಅದರಲ್ಲಿ ಹಾಡು ಬರುತ್ತಿತ್ತು, ಕೀಬೋರ್ಡ್ ಬರುತ್ತಿತ್ತು, "ಕಳೆದುಹೋದ ಮಗುವಿನ ತಂದೆ ತಾಯಿ ಸ್ಟೇಜಿನ ಹತ್ತಿರ ಬರಬೇಕು" ಎನ್ನುವುದು ಊರಿಗೇ ಕೇಳುತ್ತಿತ್ತು. ಬೇಸ್ ಮಾತ್ರ ಹಾರ್ನಿನ ಗಂಟಲಲ್ಲೇ ಸತ್ತುಹೋಗುತ್ತಿತ್ತು. ನಮ್ಮ ಮೈಕ್ ಸೆಟ್ಟಿನವನು ಒಳ್ಳೆಯವನೇ. ಆದರೆ ನಾನು ಶುರು ಮಾಡಿದ ಕೂಡಲೇ ಹುಬ್ಬು ಗಂಟಿಕ್ಕಿ ಒಂದು ಗುಂಡಿ ತಿರುಗಿಸುತ್ತಿದ್ದ, ಇದ್ದಬದ್ದ ಸದ್ದೂ ಹೋಗುತ್ತಿತ್ತು. ಯಾಕಣ್ಣಾ ಎಂದು ಕೇಳಿದರೆ, "ಏನೋ ಗುಂಯ್ ಅಂತ ಬರ್ತಿತ್ತು ಮಾರಾಯ. ಅರ್ಥಿಂಗ್ ಸರಿ ಇಲ್ಲ ಅಂದ್ಕೊಂಡೆ," ಎಂದ. ಅದು ನಾನೇ ಎಂದು ಹೇಳಿದ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಹಿರಿಯರ ಮಾತಿನ ಪರೀಕ್ಷೆ ಆದದ್ದು ಭದ್ರಾವತಿಯ ಒಂದು ರಾಜ್ಯೋತ್ಸವದಲ್ಲಿ. ಅವತ್ತು ಮೊದಲ ಸಲ ಅಪ್ಪ ಅಮ್ಮ ನನ್ನ ಪ್ರೋಗ್ರಾಂ ನೋಡಲು ಬಂದಿದ್ದರು. ಹೊರಡುವಾಗಲೇ ಅಮ್ಮ ಕೇಳಿದ್ದಳು: "ಅಷ್ಟೆಲ್ಲ ಸದ್ದಿನಲ್ಲಿ ನಿನ್ನದು ಯಾವುದು ಅಂತ ಹೇಗೋ ಗೊತ್ತಾಗೋದು?" ನಾನು ಗಂಭೀರವಾಗಿ, "ಬಾರಿಸುವಾಗ ಗೊತ್ತಾಗಲ್ಲಮ್ಮ. ನಿಲ್ಲಿಸಿದ್ರೆ ಗೊತ್ತಾಗುತ್ತೆ," ಎಂದಿದ್ದೆ.

ಎರಡನೆಯ ಹಾಡಿನ ನಡುವೆ ನನ್ನ ವೈರಿನ ಪಿನ್ನಿನೊಳಗೆ ಬೆಸುಗೆ ಕಿತ್ತುಹೋಯಿತು. ಅಲ್ಲಾಡಿಸಿದೆ, ಒತ್ತಿದೆ, ಊದಿದೆ. ಏನೂ ಇಲ್ಲ. ಬೇರೆ ವೈರು ಇರಲಿಲ್ಲ. ಸ್ಟೇಜು ಬಿಟ್ಟು ಇಳಿದು ಹೋಗುವುದು ಹೇಗೆ? ಎದುರಿಗೆ ಅಮ್ಮ ಕೂತಿದ್ದಾಳೆ. ಸುಮ್ಮನೆ ಬೆರಳಾಡಿಸುತ್ತ ನಿಂತೆ. ಒಳಗೊಳಗೆ ಭಯವಿತ್ತು. ಈಗ ಹಾಡು ಕುಸಿಯುತ್ತದೆ, ಪಾಯ ಇಲ್ಲದ ಮನೆ ಬೀಳುತ್ತದೆ, ಜನ ಎದ್ದು ನಿಂತು ಏನಾಯಿತೆಂದು ಕೇಳುತ್ತಾರೆ. ಹಾಡು ಕುಸಿಯಲಿಲ್ಲ. ಅದರ ಮುಂದಿನದೂ ಕುಸಿಯಲಿಲ್ಲ. ಜನ ಸೀಟಿ ಹೊಡೆದರು. ಒಂದು ಮೂಲೆಯಿಂದ ತಮಿಳು ಹಾಡು ಬೇಕೆಂದು ಕೂಗಿದರು, ಇನ್ನೊಂದು ಮೂಲೆಯಿಂದ ತೆಲುಗು. ರಾಜ್ಯೋತ್ಸವದ ಸ್ಟೇಜಿನ ಮೇಲೆ ಅದು ಹೇಗೆ ಎಂದು ಉತ್ಸವ ಸಮಿತಿಯ ಅಧ್ಯಕ್ಷರು ಗಾಬರಿಯಾಗಿ, ಕೊನೆಗೆ ಎರಡನ್ನೂ ಹಾಡಿ ಮಧ್ಯೆ ನಾಡಿಗೆ ಜೈಕಾರ ಹಾಕುವುದೆಂದು ತೀರ್ಮಾನವಾಯಿತು. ಎಲ್ಲ ಆಯಿತು. ಬೇಸ್ ಇಲ್ಲ ಎಂದು ಒಂದು ನರಪಿಳ್ಳೆಯೂ ಅನ್ನಲಿಲ್ಲ.

ಸಾಮಾನು ಕಟ್ಟುವಾಗ ಲೀಡರ್ ಬಂದು ನನ್ನ ಬೆನ್ನು ತಟ್ಟಿದ. "ಇವತ್ತು ನಿನ್ನ ಬೇಸ್ ಸೂಪರ್ ಕಣೋ. ಎಲ್ಲೂ ಅಡ್ಡ ಬರಲಿಲ್ಲ."

ಅಮ್ಮ ಕಣ್ಣರಳಿಸಿ, "ಎಷ್ಟು ಚೆನ್ನಾಗಿ ಬಾರಿಸ್ದೆ!" ಎಂದಳು. ಅಪ್ಪ ಮಾತ್ರ, "ನಂಗೇನೋ ಕೊನೇವರೆಗೂ ನಿಂದು ಯಾವ್ದು ಅಂತ ಗೊತ್ತಾಗ್ಲಿಲ್ಲಪ್ಪ," ಎಂದರು. ಆವತ್ತು ಸತ್ಯ ಹೇಳಿದವರು ಅವರೊಬ್ಬರೇ.

ಬಿಟ್ಟುಬಿಡಬೇಕು ಎನ್ನಿಸಿತು. ಆದರೆ ಶಿವಮೊಗ್ಗದಲ್ಲೇ ಒಂದು ಆರತಕ್ಷತೆ ಒಪ್ಪಿಕೊಂಡಾಗಿತ್ತು. ಅದೊಂದು ಮುಗಿಸಿ ಹೇಳೋಣ ಎಂದುಕೊಂಡೆ.

ಆ ಕಲ್ಯಾಣಮಂಟಪಕ್ಕೆ ಹೋದರೆ ನಮ್ಮ ಮೈಕ್ ಸೆಟ್ಟಿನವನು ಹೊಸ ಮದುಮಗನ ಹಾಗೆ ನಿಂತಿದ್ದ. ಹಾರ್ನುಗಳು ಹೋಗಿ, ಸ್ಟೇಜಿನ ಎರಡೂ ಬದಿಗೆ ಆಳೆತ್ತರದ ಕರೀ ಬಾಕ್ಸುಗಳು ಬಂದಿದ್ದವು. "ಬಾರ್ಸು ನೋಡೋಣ," ಎಂದ. ನಾನು ಒಂದೇ ತಂತಿ ಮೀಟಿದೆ. ಹೊರಗೆ ಲಾರಿ ಬಂತೆಂದು ನಾನೇ ಕಿಟಕಿಯ ಕಡೆ ನೋಡಿದೆ. ಇಷ್ಟು ವರ್ಷ ನನಗೆ ಬೆನ್ನು ಹಾಕಿ ಹಾಡಿದ ನಮ್ಮ ಹಾಡುಗಾರ ತಿರುಗಿ ನಿಂತು, "ಏನೋ ಅದು?" ಎಂದ.

"ಬೇಸ್."

"ನಮ್ಮಲ್ಲಿ ಬೇಸ್ ಇತ್ತಾ?"

ಮೊದಲ ಹಾಡಿನಲ್ಲಿ ನನಗೆ ಆದದ್ದು ಸಂತೋಷವಲ್ಲ, ದಿಗಿಲು. ನಮ್ಮ ಹಾಡುಗಾರನಿಗೆ ಗಂಟಲು ಮೇಲೆ ಹೋಗದಿದ್ದರೆ ನಡುವೆಯೇ ಯಾರಿಗೂ ಹೇಳದೆ ಶ್ರುತಿ ಇಳಿಸುವ ಅಭ್ಯಾಸ. ಹಿಂದೆಲ್ಲ ನಾನು ಹಳೇ ಶ್ರುತಿಯಲ್ಲೇ ಉಳಿದರೂ ನಡೆಯುತ್ತಿತ್ತು. ಅವತ್ತು ನನ್ನ ತಪ್ಪು ಸ್ವರ ಸಂತೆಗೆ ನುಗ್ಗಿದ ಕೋಣದ ಹಾಗೆ ಇಡೀ ಹಾಲಿನಲ್ಲಿ ಓಡಾಡಿತು. ಲೀಡರ್ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಇಷ್ಟು ಕಾಲ ಕೇಳಿಸದೆ ಇದ್ದದ್ದೇ ನನ್ನ ಮರ್ಯಾದೆ ಕಾಪಾಡಿತ್ತು ಎಂದು ಆಗ ಅರ್ಥವಾಯಿತು.

ಮೂರನೆಯ ಹಾಡಿಗೆ ಕೈ ಸ್ವಲ್ಪ ಹದಕ್ಕೆ ಬಂತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಗದ್ದಲ. ಮದುಮಗಳ ಅಜ್ಜಿ, ಕುಂಸಿ ಕಡೆಯವರು, ಬಾಕ್ಸಿನ ಎದುರಿಗೇ ಕೂತಿದ್ದವರು, ಎದೆ ಹಿಡಿದುಕೊಂಡು ಬಗ್ಗಿದ್ದರು. "ದಬ ದಬ ಅಂತ ಹೊಡ್ಕೊಳ್ತಿದೆ! ಎದೆ ಒಳಗೆ!"

ಹಾಲಿನ ತುಂಬ ಓಡಾಟ. ನೆಂಟರಲ್ಲೇ ಒಬ್ಬರು ಡಾಕ್ಟರಿದ್ದರು, ಓಡಿ ಬಂದು ಅಜ್ಜಿಯ ಕೈ ಹಿಡಿದು ನಾಡಿ ನೋಡತೊಡಗಿದರು. ಲೀಡರ್ ನಿಲ್ಲಿಸಿ ಎಂದು ಕೈ ಎತ್ತಿದ. ನಾವು ನಿಲ್ಲಿಸಿದೆವು.

ಅಜ್ಜಿ ತಲೆ ಎತ್ತಿ, "ನಿಂತೋಯ್ತು," ಎಂದರು.

ಮದುಮಗಳು ಹೂವಿನ ಹಾರದ ಸಮೇತ ಅಳಲು ಶುರು ಮಾಡಿದಳು. "ಏನಜ್ಜಿ ನಿಂತಿದ್ದು? ಏನು ನಿಂತಿದ್ದು?" ಎಂದು ಹತ್ತು ಜನ ಕೇಳಿದರು. ಡಾಕ್ಟರ್ ಗೊಂದಲದಲ್ಲಿ, "ನಾಡಿ ಸರಿಯಾಗೇ ಇದೆಯಲ್ಲ," ಎಂದರು. ನಮ್ಮ ಮೈಕ್ ಸೆಟ್ಟಿನವನಿಗೆ ಏನೋ ಹೊಳೆಯಿತು. ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಒಂದು ಸಲ ಮೀಟು."

ಮೀಟಿದೆ.

"ಬಂತು!" ಎಂದರು ಅಜ್ಜಿ.

ತಂತಿಯ ಮೇಲೆ ಕೈಯಿಟ್ಟು ತಡೆದೆ.

"ಹೋಯ್ತು."

ಮತ್ತೆ ಮೀಟಿದೆ. "ಬಂತು ನೋಡಿ, ಬಂತು!" ಡಾಕ್ಟರ್ ಅಜ್ಜಿಯ ಮಣಿಕಟ್ಟು ಹಿಡಿದುಕೊಂಡೇ ನಿಧಾನಕ್ಕೆ ಕತ್ತೆತ್ತಿ ನನ್ನ ಕಡೆ ನೋಡಿದರು. ಮೊದಲು ನಕ್ಕಿದ್ದು ಮದುಮಗ. ಆಮೇಲೆ ಇಡೀ ಹಾಲು. ಅಳುತ್ತಿದ್ದ ಮದುಮಗಳೂ ನಕ್ಕಳು, ಕಾಡಿಗೆ ಕೆನ್ನೆಗೆಲ್ಲ ಇಳಿದಿತ್ತು.

ಯಾರೋ ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು, "ಎದೆಗೇನೂ ಆಗಿಲ್ಲ, ಅದು ಆ ಹುಡುಗನ ಗಿಟಾರು," ಎಂದು ಕೂಗಿ ಹೇಳಿದರು. ದೂರದ ಕುರ್ಚಿಗೆ ಕರೆದುಕೊಂಡು ಹೋಗುತ್ತೇವೆ ಎಂದರು. ಅಜ್ಜಿ ಅಲ್ಲಾಡಲಿಲ್ಲ. "ನಾ ಇಲ್ಲೇ ಕೂರ್ತೀನಿ. ನಂಗೆ ಕಿವಿ ಹೋಗಿ ಎಷ್ಟು ಕಾಲ ಆಯ್ತು. ಹಾಡೂ ಇಲ್ಲ, ವಾಲಗಾನೂ ಇಲ್ಲ. ಮದುವೆಗೆ ಬಂದ್ರೆ ಎಲ್ಲರ ಬಾಯಿ ನೋಡ್ಕೊಂಡು ಕೂರೋದೇ ಆಯ್ತು. ಇದೊಂದು ಗೊತ್ತಾಗ್ತಿದೆ. ಬಾರ್ಸೋಕೆ ಹೇಳಿ."

ಸ್ಟೇಜಿನ ಮೇಲೆ ನಾನು ಗಿಟಾರು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ನನ್ನನ್ನು ಮೊದಲ ಸಲ ಕೇಳಿದವರು ಸಿಕ್ಕಿದ್ದರು, ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೀಡರ್ ಮೆಲ್ಲಗೆ, "ಬಾರ್ಸೋ," ಎಂದ.

ಆಮೇಲಿನ ಹಾಡುಗಳನ್ನು ನಾನು ಜನ್ಮದಲ್ಲಿ ಬಾರಿಸದಷ್ಟು ಎಚ್ಚರದಿಂದ ಬಾರಿಸಿದೆ. ಅಜ್ಜಿ ಒಂದು ಕೈ ಎದೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮಂಡಿಯ ಮೇಲೆ ತಾಳ ಹಾಕುತ್ತ ಕೂತಿದ್ದರು. ತಾಳ ತಪ್ಪಲಿಲ್ಲ. ನಮ್ಮ ಡ್ರಮ್ಸಿನವನು ಒಂದೆರಡು ಕಡೆ ತಪ್ಪಿದ, ಅಜ್ಜಿ ತಪ್ಪಲಿಲ್ಲ. ಜನ ಹಾಡುಗಾರನನ್ನು ಬಿಟ್ಟು ಅಜ್ಜಿಯನ್ನೇ ನೋಡತೊಡಗಿದರು, ಅವನಿಗೆ ಕೋಪ ಬಂದು ಮತ್ತೆ ಶ್ರುತಿ ಇಳಿಸುವುದನ್ನೇ ಮರೆತ. ಊಟಕ್ಕೆ ಕೂತಾಗ ಅಜ್ಜಿ ಪಂಕ್ತಿಯ ತನಕ ನಡೆದು ಬಂದು ಬಡಿಸುವವರಿಗೆ ನನ್ನನ್ನು ತೋರಿಸಿ, "ನನ್ನ ಎದೆ ಬಾರಿಸಿದವನು ಇವನೇ. ಇನ್ನೆರಡು ಹೋಳಿಗೆ ಹಾಕಿ," ಎಂದರು.

ಬಿಡುತ್ತೇನೆಂಬ ಮಾತನ್ನು ಯಾರಿಗೂ ಹೇಳಲಿಲ್ಲ. ಇನ್ನೂ ಕೆಲವು ವರ್ಷ ಬಾರಿಸಿದೆ. ಹಾಡುಗಾರ ಹೇಳದೆ ಕೇಳದೆ ಶ್ರುತಿ ಇಳಿಸಿದರೆ ಅವನ ಹಿಂದೆಯೇ ಇಳಿಯುವುದನ್ನೂ ಕಲಿತೆ. ನಮ್ಮ ತಂಡ ಜಗಳವಾಡಿ ಒಡೆಯಲಿಲ್ಲ. ಎರಡು ಸಾವಿರದ ಇಸವಿಯ ಈಚೆಗೆ, ಹಾಡುವ ದನಿ ಬಿಟ್ಟು ಬರೀ ಸಂಗೀತ ತುಂಬಿದ ಸೀಡಿಗಳು ಬಂದವು. ಅದೊಂದು ಹಾಕಿದರೆ ಹಾಡುಗಾರ ಒಬ್ಬನೇ ಸಾಕು, ನಾಲ್ಕು ಜನರ ಊಟ ಉಳಿಯುತ್ತದೆ. ಕರೆಯುವುದು ಕಡಿಮೆಯಾಗುತ್ತ ಬಂದು ಒಂದು ದಿನ ನಿಂತೇ ಹೋಯಿತು.

ಕೆಲವು ತಿಂಗಳ ಮೇಲೆ ನೆಂಟರ ಮದುವೆಯೊಂದಕ್ಕೆ ಹೋದರೆ ಅಲ್ಲಿ ನಮ್ಮ ಹಾಡುಗಾರನೇ ಸೀಡಿ ಹಾಕಿಕೊಂಡು ಹಾಡುತ್ತಿದ್ದ. ನನ್ನನ್ನು ಕಂಡು ಮೈಕ್ ಹಿಡಿದ ಕೈಯನ್ನೇ ಬೀಸಿದ. ಬಾಕ್ಸಿನ ಪಕ್ಕಕ್ಕೆ ಹೋಗಿ ನಿಂತೆ. ಸೀಡಿಯಲ್ಲಿ ಬೇಸ್ ಇತ್ತು. ಎಲ್ಲಿಯೋ ಕೂತು ಯಾರೋ ಬಾರಿಸಿದ್ದು. ಒಂದು ಕಡೆಯೂ ಎಡವಿರಲಿಲ್ಲ, ನನಗಿಂತ ಎಷ್ಟೋ ಚೆನ್ನಾಗಿತ್ತು. ಸುತ್ತ ಜನ ನಿವೇಶನದ ಮಾತು, ಹುಡುಗಿಯ ಸೀರೆಯ ಮಾತು ಆಡುತ್ತಿದ್ದರು. ಊಟಕ್ಕೆ ಬನ್ನಿ ಎಂದು ಯಾರೋ ಕರೆದರು. ಈ ಹಾಡೊಂದು ಮುಗಿಯಲಿ ಎಂದು ಹೇಳಿ ಅಲ್ಲೇ ನಿಂತೆ.