ತಟ್ಟೆ ತೊಳೆದು ಕುಡಿದ ನೀರು

ಪುಟ್ಟೇನಹಳ್ಳಿ ಕಡೆಯ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲವದು. ಎದೆಯೆತ್ತರ ಬೆಳೆದ ಪಾರ್ಥೇನಿಯಂ ನಡುವೆ ಕಾಲುದಾರಿ ಮಾಡಿಕೊಂಡು ನಾವು ಶಾಲೆಗೆ ಹೋಗುತ್ತಿದ್ದೆವು. ಶ್ರಾವಣ ಹಿಡಿಯಿತೆಂದರೆ ಬೀದಿಯ ತುದಿಯಲ್ಲಿದ್ದ ಬಳಗದ ಸಭಾಂಗಣದಿಂದ ಸುಡುವ ಜೋಳದ ರೊಟ್ಟಿಯ, ಗೋಧಿ ಹುಗ್ಗಿಯ, ಒದ್ದೆ ಬಿಲ್ವಪತ್ರೆಯ ವಾಸನೆ ಒಟ್ಟಾಗಿ ಬಂದು ನಮ್ಮ ಪಾಠಗಳನ್ನು ಕೆಡಿಸುತ್ತಿತ್ತು. ನಿಮ್ಮಲ್ಲಿ ಹಲವರ ಮೂಗಿನಲ್ಲೂ ಅಂಥದೊಂದು ಶ್ರಾವಣ ಉಳಿದಿರಬಹುದು. ನನ್ನ ಮೂಗಿನಲ್ಲಿರುವುದು ನಾನು ಆರನೆಯ ತರಗತಿಯಲ್ಲಿದ್ದಾಗಿನದು. ಅದನ್ನು ನಾನು ಸವಿನೆನಪು ಎಂದು ಕರೆಯುವುದಿಲ್ಲ.

ಬಳಗವೆಂದರೆ ದಾವಣಗೆರೆ, ಗದಗ, ತುಮಕೂರು ಕಡೆಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಯಾದ ಶಿವಭಕ್ತ ಕುಟುಂಬಗಳ ಕೂಟ. ಬಟ್ಟೆ ವ್ಯಾಪಾರಿಗಳು, ಬ್ಯಾಂಕಿನವರು, ಮೇಷ್ಟರುಗಳು. ಶ್ರಾವಣವಿಡೀ ಮಧ್ಯಾಹ್ನ ಅಲ್ಲಿ ದಾಸೋಹ. ಅಧ್ಯಕ್ಷರಾದ ರುದ್ರಪ್ಪ ಅಂಕಲ್ ಮೈಕಿನಲ್ಲಿ ಹೇಳುತ್ತಿದ್ದಂತೆ, ಅದು ‘ಬೀದಿಯಲ್ಲಿ ಮಲಗುವ ನಮ್ಮ ನಿರ್ಗತಿಕ ಬಂಧುಗಳಿಗಾಗಿ’. ಆದರೆ ಬಂಧುಗಳು ಕೂರುತ್ತಿದ್ದುದು ಹೊರಗಿನ ಶಾಮಿಯಾನದಲ್ಲಿ, ಅಡಿಕೆ ಹಾಳೆಯ ತಟ್ಟೆಗಳ ಮುಂದೆ. ನಾವು ಒಳಗೆ, ಸ್ಟೀಲ್ ತಟ್ಟೆಗಳ ಮುಂದೆ. ಪ್ರಶ್ನೆ ಕೇಳಿದರೆ ಗದರದ ಶಾಲೆಯೊಂದರಲ್ಲಿ ಓದುತ್ತಿದ್ದ ನಾನು ಕೇಳಿಯೇಬಿಟ್ಟೆ:

“ಅಂಕಲ್, ಬಂಧುಗಳು ಅಂದ್ಮೇಲೆ ಒಳಗ್ಯಾಕೆ ಕೂರ್ಸಲ್ಲ?”

“ಅವ್ರಿಗೆ ಗಾಳಿ ಬೆಳಕಲ್ಲಿ ಕೂತು ಅಭ್ಯಾಸ ಪುಟ್ಟಾ,” ಎಂದರು ರುದ್ರಪ್ಪ ಅಂಕಲ್. ಸುತ್ತಲಿದ್ದವರು ನಕ್ಕರು.

ಅಭ್ಯಾಸ! ಆ ಶಾಮಿಯಾನದಲ್ಲಿ ಕೂತವರಲ್ಲಿ ಅನೇಕರು ನಮ್ಮ ಬೀದಿಯ ಹಿಂದಿನ ಅಪಾರ್ಟ್‌ಮೆಂಟ್ ಕಟ್ಟಿದವರು. ಕಟ್ಟುವಷ್ಟು ಕಾಲ ಅದರ ಅಂಗಳದಲ್ಲೇ ಶೀಟಿನ ಶೆಡ್ಡುಗಳಲ್ಲಿದ್ದರು. ಕಟ್ಟಿ ಮುಗಿದ ವಾರ ಶೆಡ್ಡು ಕಿತ್ತರು, ಕೆಲಸವೂ ನಿಂತಿತು. ಮುಚ್ಚಿದ ಅಂಗಡಿಗಳ ಜಗಲಿಯಲ್ಲಿ ಮಲಗುವುದನ್ನು ಅವರು ಅಭ್ಯಾಸ ಮಾಡಿಕೊಂಡಿರಲಿಲ್ಲ. ಅವರನ್ನು ಅಲ್ಲಿಗೆ ನೂಕಲಾಗಿತ್ತು. ಆ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡ ಮೂವರು ಬಳಗದಲ್ಲಿದ್ದರು, ಮತ್ತು ಹುಗ್ಗಿಗೆ ತುಪ್ಪ ಬಡಿಸುವ ಸರದಿ ಅವರದೇ ಆಗಿತ್ತು.

ನಮ್ಮ ಮನೆತನಗಳ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮಗೆ ಊಟವೆಂದರೆ ಪ್ರಸಾದ. ಅದರ ಒಂದು ಅಗುಳೂ ಮೋರಿಗೆ ಹೋಗಕೂಡದು. ಆದ್ದರಿಂದ ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನು ಕುಡಿಯುತ್ತೇವೆ. ನಾನು ಮುಖ ಕಿವುಚಿದರೆ ಅಪ್ಪನ ತಾಯಿ, ಗದಗಿನ ಕಡೆಯ ನನ್ನ ಅಜ್ಜಿ, “ಕುಡಿಯವ್ವಾ, ಅದರಾಗ ರುಚಿ ಐತಿ,” ಎನ್ನುತ್ತಿದ್ದಳು. ಸಾರಿನ ಒಗ್ಗರಣೆ, ಹುಗ್ಗಿಯ ಸಿಹಿ, ಶೇಂಗಾ ಚಟ್ನಿಯ ಖಾರ ಎಲ್ಲ ತೆಳುವಾಗಿ ಬೆರೆತ ಆ ನೀರಿಗೆ ನಿಜವಾಗಿಯೂ ಒಂದು ರುಚಿಯಿತ್ತು.

ಶ್ರಾವಣದ ಮೊದಲ ಸೋಮವಾರ ಅಜ್ಜಿ ಶಾಮಿಯಾನದಲ್ಲಿ ಬಡಿಸುತ್ತಿದ್ದಳು. ಶಾಲೆಯ ಊಟದ ಬಿಡುವಿಗೆ ಬಂದಿದ್ದ ನಾನು ನೀರಿನ ಜಗ್ ಹಿಡಿದು ಅವಳ ಹಿಂದಿದ್ದೆ. ಸಾಲಿನ ಕೊನೆಯಲ್ಲಿ ಒಬ್ಬ ತೆಳ್ಳನೆಯ ಹೆಂಗಸು, ಪಕ್ಕದಲ್ಲಿ ನನ್ನ ವಯಸ್ಸಿನ ಹುಡುಗಿ. ಹೆಂಗಸು ಉಂಡು ಮುಗಿಸಿ ಹಾಳೆಯ ತಟ್ಟೆಗೆ ನೀರು ಹಾಕಿಸಿಕೊಂಡಳು. ಬೆರಳಾಡಿಸಿದಳು. ಕಣ್ಣು ಮುಚ್ಚಿ ಕುಡಿದಳು. ಮಗಳೂ ಹಾಗೆಯೇ ಮಾಡಿದಳು.

ಅಜ್ಜಿಯ ಕೈಯ ಸೌಟು ನಿಂತಲ್ಲೇ ನಿಂತಿತು.

“ಯಾವ ಊರವ್ವಾ ನಿಂದು? ಯಾರ ಮಗಳು?”

ಹೆಂಗಸು ತಲೆ ಎತ್ತಿದಳು. ತನ್ನ ಸೀಮೆಯ ಮಾತನ್ನು ಬೆಂಗಳೂರಿನಲ್ಲಿ ಅವಳು ಅಷ್ಟು ಅಕ್ಕರೆಯಿಂದ ಕೇಳಿ ಎಷ್ಟು ಕಾಲವಾಗಿತ್ತೋ. ಊರಿನ ಹೆಸರು, ತಂದೆಯ ಹೆಸರು, ಗಂಡನ ಮನೆತನ, ಎಲ್ಲವನ್ನೂ ಹೇಳಿಬಿಟ್ಟಳು. ಅವಳ ಹೆಸರು ಸಿದ್ದವ್ವ. ಮಗಳು ಗಂಗಿ. ಅಜ್ಜಿ ಸೌಟು ಬಿಟ್ಟು ಅವಳ ಮುಖ ಸವರಿದಳು. ಒಳಗೆ ಹೋಗಿ ಎಲ್ಲರಿಗೂ ಕೂಗಿ ಹೇಳಿದಳು: “ನಮ್ಮ ಮಗಳು ಹೊರಗ ಕುಂತಾಳ್ರೀ!”

ಅದು ಸಂತೋಷದ ಕೂಗು. ಅದರಿಂದಲೇ ಎಲ್ಲವೂ ಕೆಟ್ಟಿತು.

ಮರುದಿನದಿಂದ ಸಿದ್ದವ್ವ ಒಳಗಿನ ಪಂಕ್ತಿಯಲ್ಲಿ ಸ್ಟೀಲ್ ತಟ್ಟೆಯ ಮುಂದೆ ಕೂತಳು. ಅವಳಿದ್ದ ಅಂಗಡಿ ಜಗಲಿಯಲ್ಲೇ ಮಲಗುತ್ತಿದ್ದ ಬಿಳಿಗಡ್ಡದ ತಾತ ಶಾಮಿಯಾನದಿಂದಲೇ ಛೇಡಿಸಿದ: “ಏನಮ್ಮಾ, ಪ್ರಮೋಷನ್ ಆಗೋಯ್ತಾ? ನಮ್‌ದೂ ಸ್ವಲ್ಪ ಶಿಫಾರಸ್ ಮಾಡು!” ಸಿದ್ದವ್ವ ನಕ್ಕಳು. ನಾನೂ ನಕ್ಕೆ. ಆ ನಗೆಯ ಅಡಿಯಲ್ಲಿದ್ದ ಅನ್ಯಾಯ, ಹಸಿವು ಒಂದೇ ಆದರೂ ಕುಲ ನೋಡಿ ಬಾಗಿಲು ತೆರೆಯುವ ಅನ್ಯಾಯ, ನನಗೆ ಆಗ ಕಾಣಲಿಲ್ಲ.

ನಂತರದ ದಿನಗಳು ನನ್ನ ಪಾಲಿನ ಹಬ್ಬ. ಸಿದ್ದವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಸದ್ದು ಬೀದಿಗೆ ಕೇಳುತ್ತಿತ್ತು. ಅವಳ ಎಡಗೈಯ ಮಣಿಕಟ್ಟು ಸೊಟ್ಟಗಿತ್ತು, ಆದರೂ ರೊಟ್ಟಿ ಹುಣ್ಣಿಮೆಯಷ್ಟು ದುಂಡಗಿರುತ್ತಿತ್ತು. ಶಾಲೆ ಬಿಟ್ಟೊಡನೆ ನಾನು ಓಡಿ ಬರುತ್ತಿದ್ದೆ. ಸಭಾಂಗಣದ ಹಿಂದಿನ ಪಾತ್ರೆ ಕೋಣೆಯಲ್ಲಿ, ದೊಡ್ಡ ಕೊಪ್ಪರಿಗೆಗಳ ನಡುವೆ ಗಂಗಿ ಮತ್ತು ನಾನು ಕಲ್ಲಾಟ ಆಡುತ್ತಿದ್ದೆವು. ಅವಳು ಅದನ್ನು ಆಣೆಕಲ್ಲು ಎನ್ನುತ್ತಿದ್ದಳು. ಐದೂ ಕಲ್ಲುಗಳನ್ನು ಹಿಂಗೈ ಮೇಲೆ ನಿಲ್ಲಿಸುತ್ತಿದ್ದಳು.

“ನಿನ್ ಬೆರಳು ರಬ್ಬರೇನೆ?” ಎಂದು ನಾನು.

“ನಿನ್ನವು ಕಟಗಿ ಅದಾವು,” ಎಂದು ಅವಳು.

ಆ ಕೋಣೆಯೇ ಅವರ ಮನೆಯಾಗಬೇಕೆಂದು ಅಜ್ಜಿ ಹಟ ಹಿಡಿದಿದ್ದಳು. “ಆ ಖೋಲಿ ನಿನಗ ಕೊಡಸ್ತೀನಿ. ಅಡಗಿ ಮಾಡ್ಕೊಂಡಿರು. ಹುಡುಗಿ ಸಾಲಿಗೆ ಹೋಗ್ಲಿ,” ಎಂದು ಸಿದ್ದವ್ವನಿಗೆ ಮಾತು ಕೊಟ್ಟಿದ್ದಳು. ಗಂಗಿ ಆಗಲೇ ನನ್ನ ಹಳೆಯ ಸಮವಸ್ತ್ರವನ್ನು ಹಾಕಿ ನೋಡಿದ್ದಳು. ತೋಳು ಸ್ವಲ್ಪ ಬಿಗಿ.

ಭಾನುವಾರ ಮಧ್ಯಾಹ್ನ ಬಳಗದವರು ಈ ವಿಷಯಕ್ಕಾಗಿಯೇ ಸಭೆ ಸೇರಿದರು. ನಾನು ಅಜ್ಜಿಯ ಪಕ್ಕದಲ್ಲಿದ್ದೆ.

“ಅಮ್ಮಾವ್ರೇ, ಹೆಣ್ಣುಮಗಳು ಒಬ್ಬಳೇ ಇಲ್ಲಿದ್ರೆ ನಾಳೆ ಮಾತು ಬರುತ್ತೆ,” ಎಂದರು ರುದ್ರಪ್ಪ ಅಂಕಲ್.

“ಬೀದ್ಯಾಗ ಮಲಗಿದಾಗ ಬರಲಿಲ್ಲೇನ್ರಿ ಮಾತು?”

“ಆವಾಗ ಅವಳು ಯಾರೋ ಆಗಿದ್ಲು. ಈಗ ನಮ್ಮವಳು. ನಮ್ಮೋರ ಹೆಣ್ಣು ಗಂಡನ್ನ ಬಿಟ್ಟು ಫುಟ್‌ಪಾತಲ್ಲಿದ್ಲು ಅಂತ ಹೊರಗಡೆ ಗೊತ್ತಾದ್ರೆ ಸಮಾಜದ ಮರ್ಯಾದೆ ಏನಾಗ್ಬೇಕು?”

ಅಜ್ಜಿ ಸೊಟ್ಟ ಮಣಿಕಟ್ಟಿನ ಕಥೆ ಹೇಳಿದಳು. ಗಂಡ ಒಲೆಯ ಕೊಳ್ಳಿಯಿಂದ ಬಡಿದು ಮುರಿದ ಕೈ ಅದು. ಕಟ್ಟು ಹಾಕಿಸಲು ಬಿಡಲಿಲ್ಲ. ಅದು ಹಾಗೆಯೇ ಕೂಡಿಕೊಂಡಿತ್ತು. ಒಬ್ಬರು, “ಸಂಸಾರ ಅಂದ್ಮೇಲೆ ಇರುತ್ತೆ,” ಎಂದರು. ಕಾಫಿ ಬಂತು.

ಮುರಿದ ಕೈಗೆ ‘ಸಂಸಾರ’ ಎಂದು ಹೆಸರಿಟ್ಟರು. ಗಂಡಸಿನ ಹಿಂಸೆಯನ್ನು ಮುಚ್ಚಿಡುವ ಅಂಜಿಕೆಗೆ ‘ಮರ್ಯಾದೆ’ ಎಂದರು. ಸಮಾನತೆಯ ವಚನಗಳನ್ನು ಪ್ರತಿ ಸಂಜೆ ಅದೇ ಸಭಾಂಗಣದಲ್ಲಿ ರಾಗವಾಗಿ ಹಾಡುತ್ತಿದ್ದವರು ಅವರು. ಯಾರೂ ಕ್ರೂರಿಗಳಂತೆ ಕಾಣುತ್ತಿರಲಿಲ್ಲ. ನನ್ನ ಜೇಬಿಗೆ ಕಲ್ಲುಸಕ್ಕರೆ ತುಂಬುತ್ತಿದ್ದ ಕೈಗಳೇ ಅವು.

ಬಳಗಕ್ಕೆ ಊರಿನ ಹೆಸರು ಗೊತ್ತಿತ್ತು, ಮನೆತನದ ಹೆಸರು ಗೊತ್ತಿತ್ತು. ಅಜ್ಜಿ ಕೇಳಿದ್ದಳು, ಸಿದ್ದವ್ವ ಹೇಳಿದ್ದಳು. ಗಂಡನಿಗೆ ಫೋನು ಮಾಡುವುದಷ್ಟೇ ಉಳಿದಿತ್ತು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಗಂಗಿ ಕಲ್ಲುಗಳನ್ನು ಮೇಲೆ ಎಸೆದವಳು ಹಿಡಿಯಲೇ ಇಲ್ಲ. ಅವು ಕೊಪ್ಪರಿಗೆಗೆ ಬಡಿದು ಉರುಳಿದವು. ಅವಳು ಬಾಗಿಲಾಚೆ ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡುತ್ತಿದ್ದಳು.

“ಅಪ್ಪನ್ವು,” ಎಂದಳು. ಅಕ್ಕಿ ಮೂಟೆಗಳ ಹಿಂದೆ ಸರಿದು ಕೂತಳು.

ಹೊರಗೆ ಅವನು ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದುಕೊಂಡು, ಕೈಮುಗಿದು ನಿಂತಿದ್ದ. ಹಿರಿಯರ ಕಾಲು ಮುಟ್ಟಿದ. “ತಪ್ಪಾತ್ರೀ, ಇನ್ನ ಮ್ಯಾಲ ಕಣ್ಣಾಗ ಇಟ್ಟು ನೋಡ್ಕೋತೀನಿ,” ಎಂದ. “ಇಂಥ ಸಂಭಾವಿತನ್ನ ಬಿಟ್ಟು ಬಂದಿದ್ದಾಳಲ್ಲ!” ಎಂದು ಯಾರೋ ಉದ್ಗರಿಸಿದರು.

ಸಿದ್ದವ್ವ ಅಜ್ಜಿಯ ಸೆರಗು ಹಿಡಿದಳು. “ನಾ ಒಲ್ಲೆ ಯವ್ವಾ. ಜಗಲಿ ಮ್ಯಾಲೇ ಇರ್ತೀನಿ. ಪ್ರಸಾದಕ್ಕೂ ಬರೂದಿಲ್ಲ, ನಿಮಗ ಮುಖ ತೋರ್ಸೂದಿಲ್ಲ. ಬಿಟ್ಟಬಿಡ್ರಿ.”

ಬೀದಿಯಲ್ಲೇ ಇರುತ್ತೇನೆ ಎಂಬುದು ಒಬ್ಬ ಹೆಣ್ಣಿನ ಬೇಡಿಕೆಯಾಗಿತ್ತು, ಅದನ್ನೂ ಕೊಡಲಿಲ್ಲ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ನನ್ನ ಅಪ್ಪ ಅವಳ ಭುಜ ಹಿಡಿದು ಮೆಲ್ಲನೆ ಪಕ್ಕಕ್ಕೆ ಸರಿಸಿದರು. “ಸಮಾಜದ ತೀರ್ಮಾನ ಅಮ್ಮಾ,” ಎಂದರು. ಅಕ್ಕಿ ಮೂಟೆಗಳ ಹಿಂದಿನಿಂದ ಗಂಗಿಯನ್ನು ಎತ್ತಿ ತಂದವರು ರುದ್ರಪ್ಪ ಅಂಕಲ್. “ಹೆದರ್ಬಾರ್ದು ಕಂದಾ, ಅಪ್ಪ ಅಲ್ವಾ?” ಎಂದು ಅವಳ ಕೈಗೂ ಕಲ್ಲುಸಕ್ಕರೆ ಕೊಟ್ಟರು.

ಬಳಗದ ಹೆಂಗಸರು ಸಿದ್ದವ್ವನಿಗೆ ಹೊಸ ಸೀರೆ ಉಡಿಸಿ ಉಡಿ ತುಂಬಿದರು. ತವರಿನಿಂದ ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವ ಶಾಸ್ತ್ರ: ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ಬಾಳೆಹಣ್ಣು. ಆ ಉಡಿಯ ಭಾರ ಹಿಡಿಯಲು ಅವಳಿಗೆ ಎರಡೂ ಕೈ ಬೇಕಾದವು. ಗಂಗಿಯನ್ನು ಹಿಡಿಯಲು ಕೈ ಉಳಿಯಲಿಲ್ಲ. ಗಂಗಿಯ ಕೈಯನ್ನು ಅವನು ಹಿಡಿದುಕೊಂಡ.

ಆಟೋ ಹತ್ತುವಾಗ ಗಂಗಿ ನನ್ನ ಸಮವಸ್ತ್ರದಲ್ಲೇ ಇದ್ದಳು. ಬಿಳಿಗಡ್ಡದ ತಾತ ಜಗಲಿಯಿಂದ ಎದ್ದು ಬಂದು, “ಏನ್ ಸ್ವಾಮಿ, ಊಟ ಹಾಕಿ ಹಿಡಿದುಕೊಟ್ರಾ?” ಎಂದ. ಅಂದಿನಿಂದ ಅವನು ದಾಸೋಹಕ್ಕೆ ಬರಲಿಲ್ಲ. ಆ ಬೀದಿಯಲ್ಲಿ ಆ ದಿನ ಪ್ರತಿಭಟಿಸಿದ ಗಂಡಸು ಅವನೊಬ್ಬನೇ.

ಮುಂದಿನ ಶ್ರಾವಣದಲ್ಲಿ ರುದ್ರಪ್ಪ ಅಂಕಲ್ ಮೈಕಿನಲ್ಲಿ ಒಂದು ಶುಭ ಸಮಾಚಾರ ಹೇಳಿದರು. ಬಳಗ ಒಂದುಗೂಡಿಸಿದ ಕುಟುಂಬದಿಂದ ಫೋನು ಬಂದಿತ್ತು: ಗಂಗಿಯ ಮದುವೆ ಗೊತ್ತಾಗಿದೆ, ಬಳಗದವರು ಬಂದು ಹರಸಬೇಕು. ಚಪ್ಪಾಳೆ ಬಿತ್ತು. ನಾನು ಏಳನೆಯ ತರಗತಿಯಲ್ಲಿದ್ದೆ. ನನ್ನ ವಯಸ್ಸಿನ ಮಗುವಿನ ಮದುವೆಗೆ ಓದುಬರಹ ಬಲ್ಲವರು ಚಪ್ಪಾಳೆ ತಟ್ಟಿದರು. ಸಿದ್ದವ್ವನ ಬಗ್ಗೆ ಫೋನಿನಲ್ಲಿ ಏನಾದರೂ ಹೇಳಿದರೇ ಎಂದು ಅಜ್ಜಿ ಎದ್ದು ನಿಂತು ಕೇಳಿದಳು. ಆ ಮಾತು ಬರಲಿಲ್ಲ ಎಂದರು. ಅಜ್ಜಿ ಮತ್ತೆ ಆ ಸಭಾಂಗಣದ ಮೆಟ್ಟಿಲು ಹತ್ತಲಿಲ್ಲ. ಸಾಯುವವರೆಗೂ ಹೊಸಬರ ಊರು, ಮನೆತನ ಕೇಳಲಿಲ್ಲ.

ಈಗ ಆ ಖಾಲಿ ಸೈಟುಗಳಿಲ್ಲ. ಸಭಾಂಗಣಕ್ಕೆ ಅಮೃತಶಿಲೆ ಹಾಸಿದ್ದಾರೆ. ಶ್ರಾವಣದಲ್ಲಿ ಊಟದ ಪೊಟ್ಟಣಗಳು ವ್ಯಾನಿನಲ್ಲಿ ಬನಶಂಕರಿಯ ಫುಟ್‌ಪಾತ್‌ಗಳವರೆಗೂ ಹೋಗುತ್ತವೆ, ಕೊಡುವವರ ಫೋಟೋ ಸಂಜೆಯೊಳಗೆ ಎಲ್ಲರ ಮೊಬೈಲಿಗೆ ಬರುತ್ತದೆ. ಪಾತ್ರೆ ಕೋಣೆಯಲ್ಲಿ ಇಂದಿಗೂ ಪಾತ್ರೆಗಳೇ ಇವೆ.

ನಾನು ಮನೆಯಿಲ್ಲದ ಹೆಂಗಸರ ಆಶ್ರಯಧಾಮವೊಂದರಲ್ಲಿ ದುಡಿಯುತ್ತೇನೆ. ಸೂರು ಹಕ್ಕು, ಪುಣ್ಯದ ಎಂಜಲಲ್ಲ ಎಂದು ಕಚೇರಿಯಿಂದ ಕಚೇರಿಗೆ ಹೇಳುತ್ತಾ ತಿರುಗುತ್ತೇನೆ. ಕಳೆದ ಶ್ರಾವಣದಲ್ಲಿ ಹೊಸದಾಗಿ ಬಂದ ಹೆಂಗಸೊಬ್ಬಳು ಊಟ ಮುಗಿಸಿ, ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಕುಡಿದಳು. ಯಾವ ಊರವ್ವಾ ನಿಂದು, ಯಾರ ಮಗಳು: ಕನ್ನಡದಲ್ಲಿ ನಾನು ಕೇಳಿ ಬೆಳೆದ ಅತ್ಯಂತ ಅಕ್ಕರೆಯ ಪ್ರಶ್ನೆ ಅದು. ನಾಲಿಗೆಯ ತುದಿಗೆ ಬಂದಿತ್ತು.

ಅದನ್ನು ನಾನು ಕೇಳಲಾರೆ. ಆ ಶ್ರಾವಣ ಅದನ್ನು ನನ್ನ ಬಾಯಿಂದ ಕಿತ್ತುಕೊಂಡಿದೆ. ನೋಡದವಳಂತೆ ಮುಖ ತಿರುಗಿಸಿ, “ಇನ್ನೊಂದು ರೊಟ್ಟಿ ಹಾಕ್ಲಾ ಅಕ್ಕಾ?” ಎಂದಷ್ಟೇ ಕೇಳಿದೆ.