ಕಾಳವ್ವನ ಮನೆಗೆ ಬಂದ ಅಕ್ಕೋರು

ಗಂಡ ಮುರಗೆಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ, ನಾವೆ ಮಾರಿಬಿಡು ಎಂದು ಕಾಳವ್ವನಿಗೆ ಬುದ್ಧಿ ಹೇಳಿದವರೇ ಎಲ್ಲ. ಆಕೆ ಮಾರಲಿಲ್ಲ. ಸೆರಗು ಬಿಗಿದು ತಾನೇ ಹುಟ್ಟು ಹಾಕಿದಳು, ಬಲೆ ಬೀಸಿದಳು. ಹೆಂಗಸು ನಾವೆ ನಡೆಸುವುದುಂಟೇ ಎಂದು ನಕ್ಕ ಮಂದಿಯೇ ಆಮೇಲೆ ತುಂಬಿದ ಕೃಷ್ಣೆಯ ದಂಡೆಯಲ್ಲಿ ನಿಂತು, ಕಾಳವ್ವನ ನಾವೆಯೇ ಬರಲಿ ಎಂದು ಕಾಯತೊಡಗಿದರು. ನಗುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೇ?

ಹಾರೂಗೇರಿಯ ಗಂಗೂಬಾಯಿ ಅಕ್ಕೋರು ಹನ್ನೊಂದು ವರ್ಷ ಅದೇ ನಾವೆಯಲ್ಲಿ ಆಚೆ ದಂಡೆಯ ಶಾಲೆಗೆ ಹೋಗಿ ಪಾಠ ಹೇಳಿದವರು. ಹೊಳೆಯ ನಡುವಿನ ಇಪ್ಪತ್ತು ಮನೆಗಳ ನಡುಗಡ್ಡೆ, ಕಾಳವ್ವನ ಊರು, ದಿನವೂ ಅವರ ಕಣ್ಣೆದುರಿಗೇ ಇತ್ತು. ಒಂದು ದಿನವೂ ಅಲ್ಲಿ ಕಾಲಿಟ್ಟಿರಲಿಲ್ಲ. ಎಂಬತ್ತಾರನೆಯ ಇಸವಿಯಲ್ಲಿ ಅಥಣಿಗೆ ವರ್ಗವಾದಾಗ ಕಾಳವ್ವ ಬಿಡಲಿಲ್ಲ. “ಅಕ್ಕೋರ, ಹೋಗೂದ್ರಾಗ ಒಂದಿನಾ ನಮ್ಮೂರಿಗಿ ಬಂದ್ ಹೋಗ್ರಿ.” ಭಾನುವಾರ ಬರುತ್ತೇನೆಂದು ಅಕ್ಕೋರು ಒಪ್ಪಿದರು.

ನಡುಗಡ್ಡೆಯಲ್ಲೊಂದು ರೀತಿಯಿದೆ. ಮನೆಗೆ ಬಂದವರು ಉಣ್ಣದೆ ವಾಪಸು ನಾವೆ ಹತ್ತಬಾರದು. ಹತ್ತಿದರೆ ಆ ಮನೆಯ ಮರ್ಯಾದೆ ಹೋದಂತೆ. ಅಕ್ಕೋರೋ ಜೈನರು, ನೀರನ್ನೂ ಸೋಸಿಯೇ ಕುಡಿಯುವವರು. ನೆರೆಮನೆಯ ಶೇವಂತಾ ಸುಮ್ಮನಿರುವವಳಲ್ಲ. “ಮೀನ ಹಿಡಿಯೋರ ಮನ್ಯಾಗ ಅವ್ರು ನೀರ ಸೈತ ಮುಟ್ಟಂಗಿಲ್ಲ ಬೇ. ಊರ ಮುಂದ ಮಾರಿ ಸಣ್ಣದ ಮಾಡ್ಕೋತಿ.”

“ಉಣಿಸೇ ಕಳಸ್ತೇನಿ, ನೋಡಾಕಂತಿ,” ಎಂದಳು ಕಾಳವ್ವ. ಹೊಸ ಗಡಿಗೆ, ಹೊಸ ಹಂಚು ತಂದಳು. ಮನೆಯ ಒಲೆಗೆ ಮೀನಿನ ವಾಸನೆಯೆಂದು ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟದೆ ಹೆಸರುಕಾಳಿನ ಪಲ್ಯ ಮಾಡಿ, ಜೋಳದ ರೊಟ್ಟಿ ಬಡಿದಳು.

ಭಾನುವಾರ ಅಕ್ಕೋರು ಬಂದರು. ಒಣಹಾಕಿದ ಬಲೆಗಳ ನಡುವೆ ಓಡಾಡಿದರು, ಮುರಗೆಪ್ಪ ಎಡಗೈಯಲ್ಲೇ ಬಲೆಯ ಹರಕು ಹೆಣೆಯುವುದನ್ನು ಕೂತು ನೋಡಿದರು. ಹೊತ್ತು ನೆತ್ತಿಗೇರಿದಾಗ ಕಾಳವ್ವ ಹೊಳೆಯಿಂದ ನೀರು ತಂದು, ಎರಡು ಪದರಿನ ಬಿಳಿ ಬಟ್ಟೆ ಕಟ್ಟಿ ಹೊಸ ಗಡಿಗೆಗೆ ಸೋಸಿದಳು. ಅಕ್ಕೋರು ಮೆಲ್ಲಗೆ ಹೇಳಿದರು: “ತ್ರಾಸ ತಗೋಬ್ಯಾಡ ಕಾಳವ್ವ. ಬುತ್ತಿ ತಂದೇನಿ, ನೀರೂ ತಂದೇನಿ.”

ಬೇಲಿಯಾಚೆ ಶೇವಂತಾ ಬಾಯಿಗೆ ಸೆರಗು ಹಿಡಿದಳು. ಕಾಳವ್ವನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆದರೂ ಆಕೆ ಅಂಗಲಾಚಲಿಲ್ಲ. ಹಸಿ ಬಟ್ಟೆ ಹಿಡಿದುಕೊಂಡು ಹೊಳೆಗಿಳಿದಳು, ನೀರು ತುಂಬಿಕೊಂಡು ಬಂದಿದ್ದ ಜಾಗದಲ್ಲೇ ಬಟ್ಟೆಯನ್ನು ತಿರುವಿ ಜಾಲಾಡಿದಳು. ತಿರುಗಿದರೆ ಹಿಂದೆ ಅಕ್ಕೋರು ನಿಂತಿದ್ದರು.

“ಇದನ್ನ ನಿನಗ ಯಾರ ಹೇಳಿಕೊಟ್ರು?”

“ಯಾರ್ ಹೇಳ್ಬೇಕ್ರಿ? ಮಿರಗದ ಮಳ್ಯಾಗ ತತ್ತಿ ಇದ್ದ ಮೀನ ಬಲಿಗಿ ಬಿದ್ರ, ಹಿಡದ ಮಡುವಿಗೇ ಬಿಡ್ತೇವಿ. ಬ್ಯಾರೆ ಕಡೆ ಬಿಟ್ರ ಬದುಕಂಗಿಲ್ಲ. ಬಟ್ಟ್ಯಾಗಿನ ಸಣ್ಣ ಜೀವಾನೂ ಹಂಗ ಅಲ್ಲೇನ್ರಿ?”

ಅಕ್ಕೋರು ಆ ಹಸಿ ಬಟ್ಟೆಯ ಅಂಚನ್ನು ಮುಟ್ಟಿ ನೋಡಿದರು. “ಇದು ನಮ್ಮ ಜೈನರ ರೀತಿ. ನಮ್ಮತ್ತಿ ದಿನಾ ಬಾವಿಗಿ ಹೋಗಿ ಹಿಂಗ ಮಾಡತಿದ್ರು. ಅವರು ಹೋದಮ್ಯಾಲ ನಮ್ಮ ಮನ್ಯಾಗ ಯಾರೂ ಮಾಡಂಗಿಲ್ಲ. ಸಾಲಿಗಿ ಹೊತ್ತಾಗತೈತಿ ಅಂತ ನಾನೂ ಅಂಗಳದಾಗ ಝಾಡಿಸಿ ಬಿಡ್ತೇನಿ.” ಆಮೇಲೆ ಅಂಗಳಕ್ಕೆ ಬಂದು, ಬುತ್ತಿಯ ಚೀಲವನ್ನು ಗೂಟಕ್ಕೆ ತೂಗುಹಾಕಿ, ಒಲೆಯ ಪಕ್ಕದಲ್ಲಿ ಕೂತರು. “ಹಸಿವಿ ಆಗೇತಿ. ನೀಡ್ರಿ ಕಾಳವ್ವ.”

ಹನ್ನೊಂದು ವರ್ಷದಲ್ಲಿ ಅಕ್ಕೋರು ಆಕೆಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ಕಾಳವ್ವ ತುಂಬಿ ಬಂದ ಕಣ್ಣನ್ನು ಹೊಗೆಯ ನೆವ ಮಾಡಿ ಒರೆಸಿಕೊಂಡಳು. ರೊಟ್ಟಿಯ ಮೇಲೆ ಪಲ್ಯ ನೀಡಿ, ಬೇಲಿಯ ಕಡೆ ತಿರುಗಿ, ಇಪ್ಪತ್ತು ಮನೆಗೂ ಕೇಳುವ ಹಾಗೆ ಕರೆದಳು.

“ಶೇವಂತಾ, ಮೊಸರಿದ್ರ ತಾರ ಬೇ. ನಮ್ಮ ಮನ್ಯಾಗ ಅಕ್ಕೋರು ಉಣ್ಣಾಕ ಕುಂತಾರ.”